ಅಳತೆ ಯಾರ ಕಡೆಯಿಂದ?

ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಇಬ್ಬರು ಮಾತಾಡುತ್ತಿದ್ದಾರೆ. ಒಬ್ಬರು ಊರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ, ಜನರ ಬಾಯಲ್ಲಿ ಹೇಳುವುದಾದರೆ ‘ಡೈರಿ’ಗೆ, ಬಹಳ ವರ್ಷ ಕಾರ್ಯದರ್ಶಿಯಾಗಿದ್ದವರು. ಇನ್ನೊಬ್ಬ ಅವರ ಸೋದರಳಿಯ. ಮೊಬೈಲಿನಲ್ಲಿ ಆರ್ಡರ್ ಹಿಡಿದು ನಿಮಿಷಗಳೊಳಗೆ ಮನೆಗೆ ದಿನಸಿ ಮುಟ್ಟಿಸುವ ಬೆಂಗಳೂರಿನ ಒಂದು ಕಂಪನಿಯಲ್ಲಿ ಅವನ ಕೆಲಸ. ಸರಕು ಎಲ್ಲಿಂದ ಹೊರಟಿತು, ಯಾವಾಗ ಬಂತು, ಎಷ್ಟು ಉಳಿಯಿತು ಎಂದು ದಿನವಿಡೀ ಲೆಕ್ಕ ಹಾಕುವ ವಿಭಾಗ. ಇಬ್ಬರ ಬದುಕೂ ಅಳತೆಯಿಂದಲೇ ನಡೆದಿದೆ. ಇಬ್ಬರೂ ಅಳತೆಯನ್ನು ನಂಬುವವರೇ. ಆದರೂ ಒಮ್ಮತ ಬರಲಿಲ್ಲ, ಅದಕ್ಕೇ ಈ ಮಾತನ್ನು ಮಾತಾಗಿಯೇ ಬರೆದಿದ್ದೇನೆ.

ಅಳಿಯ: ಅತ್ತೆ, ಇದನ್ನ ನೋಡಿ. ಇವತ್ತು ಬೆಳಿಗ್ಗೆ ನಮ್ಮ ಸ್ಟೋರುಗಳಲ್ಲಿ ಹಾಲು ಕೇಳಿದವರು ಎಷ್ಟು ಜನ, ಸಿಕ್ಕಿದ್ದು ಎಷ್ಟು ಜನಕ್ಕೆ, ಯಾವ ಸ್ಟೋರಲ್ಲಿ ಎಷ್ಟು ಗಂಟೆಗೆ ಖಾಲಿಯಾಯ್ತು, ಎಲ್ಲ ಈ ಫೋನಲ್ಲೇ ಕಾಣುತ್ತೆ. ಕೇಳಿದ್ದರಲ್ಲಿ ಎಷ್ಟು ಕೊಟ್ಟೆವು ಅನ್ನೋದಕ್ಕೆ ಫಿಲ್ ರೇಟ್ ಅಂತೀವಿ. ಹೇಳಿದ ಹೊತ್ತಿಗೆ, ಹೇಳಿದಷ್ಟೂ ಪೂರ್ತಿ ಬಂತಾ ಅನ್ನೋದಕ್ಕೆ ಓಟಿಫ್. ಸರಕು ಎಷ್ಟು ದಿನ ಗೋಡೌನಲ್ಲಿ ಕೂತಿತ್ತು ಅನ್ನೋದು ಇನ್ನೊಂದು.

ಅತ್ತೆ: ನಿಮ್ಮ ಫೋನು ಬರೋಕೆ ಮುಂಚಿಂದಲೂ ನಾವು ದಿನಕ್ಕೆರಡು ಸಲ ಅಳೆದಿದ್ದೀವಿ ಕಣಪ್ಪ. ಮೊದಲು ಗರ್ಬರ್ ಪದ್ಧತಿ ಇತ್ತು. 10 ಎಂಎಲ್ ಗಂಧಕಾಮ್ಲ, 10.75 ಎಂಎಲ್ ಹಾಲು, 1 ಎಂಎಲ್ ಅಮೈಲ್ ಆಲ್ಕೋಹಾಲು. ಗಾಜಿನ ಬ್ಯುಟಿರೋಮೀಟರಿಗೆ ಹಾಕಿ, ಬಿರಡೆ ಬಿಗಿದು, ಗಿರ್ರನೆ ತಿರುಗಿಸಿದ್ರೆ ಕೊಬ್ಬು ಬೇರೆಯಾಗಿ ಮೇಲೆ ನಿಲ್ಲೋದು. ಆಸಿಡ್ ಹಾರಿ ಸೀರೆ ತೂತು ಬಿದ್ದಿದ್ದೂ ಉಂಟು. ಈಗ ಮಷೀನು ಹಾಲು ಹೀರ್ಕೊಂಡು ಫ್ಯಾಟು, ಕೊಬ್ಬು ಬಿಟ್ಟು ಉಳಿದ ಘನಾಂಶ ಅಂದ್ರೆ ಎಸ್ಸೆನ್ನೆಫ್, ಎರಡನ್ನೂ ಹೇಳಿಬಿಡುತ್ತೆ. ಚೀಟಿ ಬರುತ್ತೆ, ಫೋನಿಗೆ ಮೆಸೇಜ್ ಬರುತ್ತೆ.

ಅಳಿಯ: ಅದನ್ನೇ ನಾನು ಹೇಳೋದು. ನೀವು ಮಾಡಿದ್ದನ್ನೇ ನಾವು ಸರಪಳಿಯ ಉದ್ದಕ್ಕೂ ಮಾಡ್ತಿದ್ದೀವಿ. ಮೊದಲು ಅಳೆಯೋದು ಅಂದ್ರೆ ಬೇರೆ ಒಂದು ಕೆಲಸ. ಯಾರೋ ಕೂತು ರಿಜಿಸ್ಟರಿನಲ್ಲಿ ಬರೀಬೇಕಿತ್ತು. ಈಗ ಕೆಲಸ ಮಾಡ್ತಾ ಮಾಡ್ತಾನೇ ಅಳತೆ ತಾನಾಗಿ ಬೀಳುತ್ತೆ. ಲಾರಿ ಟೋಲ್ ದಾಟಿದ್ರೆ ಫಾಸ್ಟ್ಯಾಗ್‌ನಲ್ಲಿ ಹೊತ್ತು ದಾಖಲಾಗುತ್ತೆ. ಐವತ್ತು ಸಾವಿರಕ್ಕಿಂತ ಜಾಸ್ತಿ ಬೆಲೆಯ ಸರಕು ಹೊರಟರೆ ಇ-ವೇ ಬಿಲ್ ಹುಟ್ಟುತ್ತೆ. 2018ರ ಏಪ್ರಿಲ್ 1ಕ್ಕೆ ರಾಜ್ಯದ ಒಳಗಿನ ಸಾಗಣೆಗೂ ಇ-ವೇ ಬಿಲ್ ತಂದಿದ್ದು ದೇಶದಲ್ಲಿ ಮೊದಲು ಕರ್ನಾಟಕವೇ. ಯಾರನ್ನೂ ಕೇಳೋ ಹಾಗಿಲ್ಲ, ಯಾರೂ ಮುಚ್ಚಿಡೋ ಹಾಗಿಲ್ಲ.

ಅತ್ತೆ: ಅಳತೆ ಬೇಡ ಅನ್ನೋಳಲ್ಲ ನಾನು. ಅಳತೆ ಇಲ್ಲದ ಕಾಲ ನೋಡಿದೀನಿ. ಹಾಲು ಬರೀ ಲೀಟರಿನ ಲೆಕ್ಕದಲ್ಲಿ ಹೋಗ್ತಿದ್ದಾಗ ನೀರು ಹಾಕಿದವನೇ ಜಾಣ. ಮನೆ ಬಾಗಿಲಿಗೆ ಬರ್ತಿದ್ದ ವರ್ತನೆಯವನು ಹೇಳಿದ್ದೇ ರೇಟು. ಡೈರಿ ಬಂದ ಮೇಲೆ ದೊಡ್ಡ ಮನೆಯ ಹೆಂಗಸೂ, ಕೂಲಿ ಮಾಡಿ ಒಂದು ಹಸು ಕಟ್ಟಿಕೊಂಡ ಹೆಂಗಸೂ ಒಂದೇ ಸಾಲಲ್ಲಿ ನಿಂತರು. ಮಷೀನಿಗೆ ಯಾರ ಮನೆ ಅಂತ ಗೊತ್ತಿಲ್ಲ. ಮೊದಮೊದಲು ಅದನ್ನ ಸಹಿಸೋಕೆ ಕೆಲವರಿಗೆ ಆಗಲಿಲ್ಲ. ನನ್ನ ಹೊಟ್ಟೆ ಮಾತ್ರ ತಣ್ಣಗಾಯ್ತು.

ಅಳಿಯ: ಹಾಗಾದ್ರೆ ನಮ್ಮಿಬ್ಬರದೂ ಒಂದೇ ಪಕ್ಷ.

ಅತ್ತೆ: ತಾಳು. ಮಷೀನು ಅಳೆಯೋದು ತನ್ನ ಮುಂದೆ ಬಂದ ಹಾಲನ್ನ. ಆ ಹಾಲು ಹೇಗೆ ಬಂತು ಅಂತ ಅದಕ್ಕೆ ಗೊತ್ತಿಲ್ಲ. ಪಾತ್ರೆ ಚೆನ್ನಾಗಿ ಕಲಸದೆ ಮೇಲಿಂದ ಸ್ಯಾಂಪಲ್ ತೆಗೆದರೆ ಕೆನೆ ಬಂದು ಫ್ಯಾಟ್ ಜಾಸ್ತಿ. ತಳದಿಂದ ತೆಗೆದರೆ ಕಡಿಮೆ. ಮಷೀನು ತೊಳೆಯದೆ ಬಿಟ್ಟರೆ ಅಂಕಿ ಜಾರುತ್ತೆ. ಇವೆಲ್ಲ ಸರಿ ಮಾಡಿಕೊಳ್ಳಬಹುದು, ಬಿಡು. ಇನ್ನೊಂದಿದೆ. ಹಸು ಕರೆಯುವಾಗ ಮೊದಲು ಬರೋ ಹಾಲು ತೆಳು, ಕೊನೆಗೆ ಬರೋ ಹಾಲಿನಲ್ಲೇ ಕೊಬ್ಬು ಜಾಸ್ತಿ. ಆ ಕೊನೇ ಹಾಲನ್ನ ಕರುವಿಗೆ ಬಿಟ್ಟು ಬಂದವಳಿಗೆ ಫ್ಯಾಟ್ ಕಡಿಮೆ ಬರುತ್ತೆ, ದುಡ್ಡೂ ಕಡಿಮೆ. ಕೆಚ್ಚಲು ಹಿಂಡಿ ಹಾಕಿಕೊಂಡು ಬಂದವಳಿಗೆ ಜಾಸ್ತಿ. ಮೂರು ವರ್ಷ ಆದ ಮೇಲೆ ಈ ಡೈರಿಗೆ ಹಾಲು ಕೊಡೋದು ಆ ಕರು. ಯಾರ ಅಂಕಿ ಚೆನ್ನಾಗಿದೆ ಹೇಳು?

ಅಳಿಯ: ಹಾಲಲ್ಲಿ ಕೊಬ್ಬು ಕಡಿಮೆ ಇರೋದಂತೂ ನಿಜ ತಾನೆ? ಬೆಂಗಳೂರಲ್ಲಿ ದುಡ್ಡು ಕೊಟ್ಟು ಕುಡಿಯೋರಿಗೆ ಕರುವಿನ ಲೆಕ್ಕ ಹೇಳೋಕಾಗಲ್ಲ. ಕರು ಸಾಕೋದು ಒಳ್ಳೇದು ಅಂದ್ರೆ ಅದಕ್ಕೆ ಬೇರೆ ಸಹಾಯ ಕೊಡಿ, ಬೇರೆ ಅಂಕಿ ಇಡಿ. ಫ್ಯಾಟಿನ ಅಂಕಿಯೊಳಗೆ ಕರುಣೆ ಬೆರೆಸಿದ್ರೆ ನಾಳೆ ಇನ್ನೊಬ್ಬರು ಇನ್ನೊಂದು ಕಾರಣ ಹೇಳಿಕೊಂಡು ನೀರು ಬೆರೆಸ್ತಾರೆ.

ಇದು ಗಟ್ಟಿಯಾದ ಉತ್ತರ. ಅತ್ತೆಯೂ ಹಾಗೇ ತೆಗೆದುಕೊಂಡರು, ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಅಳತೆಗಾರನಿಗೆ ಕಣ್ಣು ಕಟ್ಟಿರಬೇಕು ಎನ್ನುವುದು ಅವರೇ ಊರಿಗೆ ಕಲಿಸಿದ ಪಾಠ. ಆದರೆ ಬೇರೆ ಅಂಕಿ ಇಡಿ ಎಂದು ಅಳಿಯ ಹೇಳಿದ್ದನ್ನು ಅವರು ಮರೆಯಲಿಲ್ಲ. ಅಲ್ಲಿಗೇ ಮತ್ತೆ ಬರುತ್ತಾರೆ.

ಅತ್ತೆ: ಸರಿ, ನಿನ್ನ ಓಟಿಫ್ ಕಥೆ ಹೇಳು. ಅದು ಎಷ್ಟಿದ್ದರೆ ಪಾಸು?

ಅಳಿಯ: ಅಲ್ಲೊಂದು ಲೆಕ್ಕ ಇದೆ, ಕೇಳಿ. ಹಾಲು ಹಳ್ಳಿಯಿಂದ ಶೀತಲೀಕರಣ ಕೇಂದ್ರಕ್ಕೆ, ಅಲ್ಲಿಂದ ಡೈರಿ ಪ್ಲಾಂಟಿಗೆ, ಪ್ಲಾಂಟಿಂದ ನಗರದ ಡಿಪೋಗೆ, ಡಿಪೋದಿಂದ ಸ್ಟೋರಿಗೆ. ನಾಲ್ಕು ಹಂತ ಅಂತಿಟ್ಟುಕೊಳ್ಳಿ. ಪ್ರತಿ ಹಂತದವರೂ ನೂರಕ್ಕೆ 95 ಸಲ ಸರಿಯಾಗಿ ಮಾಡ್ತಾರೆ. ಎಲ್ಲರ ರಿಪೋರ್ಟಲ್ಲೂ ಹಸಿರು ಬಣ್ಣ. 95ರಲ್ಲಿ 95, ಅದರಲ್ಲಿ ಮತ್ತೆ 95 ಅಂತ ಗುಣಿಸ್ತಾ ಹೋದ್ರೆ ಕೊನೇಲಿ ಉಳಿಯೋದು 81. ನೂರರಲ್ಲಿ ಹತ್ತೊಂಬತ್ತು ಸಲ ಎಲ್ಲೋ ಒಂದು ಕಡೆ ಎಡವಿರುತ್ತೆ. ಯಾರನ್ನ ಕೇಳಿದ್ರೂ ನಾನು ಸರಿ ಅಂತಾರೆ. ಅದಕ್ಕೇ ಒಂದೊಂದು ಕೊಂಡಿಯನ್ನ ಬೇರೆ ಬೇರೆ ಅಳೆದ್ರೆ ಸಾಲದು, ತುದಿಯಿಂದ ತುದಿಗೆ ಅಳೀಬೇಕು. ಅಮೆರಿಕದಲ್ಲಿ 1996ರಲ್ಲಿ ಸಪ್ಲೈ ಚೈನ್ ಕೌನ್ಸಿಲ್ ಅಂತ ಒಂದು ಸಂಸ್ಥೆ ಕಟ್ಟಿ ಸ್ಕೋರ್ ಅನ್ನೋ ಮಾದರಿ ಮಾಡಿದ್ದು ಇದಕ್ಕೇ. ಹೇಳಿದ ಮಾತಿಗೆ ನಿಲ್ಲೋದು, ವೇಗ, ಬದಲಾವಣೆಗೆ ಹೊಂದಿಕೊಳ್ಳೋದು, ಖರ್ಚು, ಹಾಕಿದ ಬಂಡವಾಳದ ಬಳಕೆ, ಈ ಐದನ್ನೂ ಒಟ್ಟಿಗೆ ನೋಡಬೇಕು ಅಂತ.

ಅತ್ತೆ: ಇದು ನನಗೆ ಹಿಡಿಸಿತು. ಹಾಲು ಒಡೆದಾಗಲೆಲ್ಲ ಪ್ಲಾಂಟಿನವರು ನಿಮ್ಮ ಹಳ್ಳೀದೇ ತಪ್ಪು ಅನ್ನೋರು, ನಾವು ಲಾರಿ ತಡವಾಗಿ ಬಂತು ಅನ್ನೋದು. ಇಬ್ಬರ ಪುಸ್ತಕದಲ್ಲೂ ಇಬ್ಬರದೂ ಸರಿಯಾಗೇ ಇರೋದು. ಆದ್ರೆ ತುದಿಯಿಂದ ತುದಿಗೆ ಅಂದೆಯಲ್ಲ, ನಿನ್ನ ತುದಿ ಎಲ್ಲಿ ಶುರುವಾಗುತ್ತೆ?

ಅಳಿಯ: ಸರಕು ನಮ್ಮ ಗೋಡೌನಿನ ಗೇಟಿಗೆ ಬಂದಾಗ ಮೊದಲ ಸ್ಕ್ಯಾನ್.

ಅತ್ತೆ: ಅಲ್ಲಿಗೆ ಬರೋ ಹೊತ್ತಿಗೆ ಹಾಲಿನ ಹಣೆಬರಹ ಮುಗಿದಿರುತ್ತೆ ಕಣೋ. ಕರೆದ ಹಾಲು ಬೆಚ್ಚಗಿರುತ್ತೆ, ಒಳಗಿನ ಸೂಕ್ಷ್ಮಜೀವಿ ಅರ್ಧ ಗಂಟೆಗೊಂದು ಸಲ ದುಪ್ಪಟ್ಟಾಗುತ್ತಾ ಹೋಗುತ್ತೆ. 4 ಡಿಗ್ರಿಗೆ ಇಳಿಸಿದ್ರೇನೆ ಅದು ಹತೋಟಿಗೆ ಬರೋದು. ಕೊಟ್ಟಿಗೆಯಿಂದ ಹಾಲು ತಣ್ಣಗೆ ಮಾಡೋ ಬಿಎಂಸಿ ಟ್ಯಾಂಕಿಗೆ ಬರೋ ಆ ಹೊತ್ತಲ್ಲೇ ಇರೋದೆಲ್ಲ. ಪ್ಲಾಂಟಲ್ಲಿ ಮಿಥಿಲೀನ್ ಬ್ಲೂ ಹಾಕಿ ನೋಡ್ತಾರಲ್ಲ, ನೀಲಿ ಬಣ್ಣ ಐದು ಗಂಟೆ ನಿಂತರೆ ಒಳ್ಳೇ ಹಾಲು, ಅರ್ಧ ಗಂಟೆಗೇ ಹೋದರೆ ಕೆಟ್ಟದ್ದು. ಆ ಪರೀಕ್ಷೆ ತೋರಿಸೋದು ನಮ್ಮ ಹೆಂಗಸರ ಕೈ ಎಷ್ಟು ಚೊಕ್ಕವಾಗಿತ್ತು, ಪಾತ್ರೆ ಎಷ್ಟು ಚೆನ್ನಾಗಿ ಬೆಳಗಿದ್ದರು, ಕರೆಂಟು ಇತ್ತೋ ಇಲ್ಲವೋ ಅನ್ನೋದನ್ನ. ಸ್ಕ್ಯಾನ್ ಇಲ್ಲದ ಜಾಗದಲ್ಲಿ ಕಷ್ಟ ಇಟ್ಟು, ಸ್ಕ್ಯಾನ್ ಇರೋ ಜಾಗದಲ್ಲಿ ಸಾಧನೆ ಬರ್ಕೊಂಡರೆ ಹೇಗೆ?

ಅಳಿಯ: ಹಾಗಾದ್ರೆ ಕೊಟ್ಟಿಗೆಗೂ ಸೆನ್ಸರ್ ಇಡೋಣ. ಬಿಎಂಸಿಯಲ್ಲಿ ಉಷ್ಣತೆ ತಾನಾಗೇ ದಾಖಲಾಗೋ ವ್ಯವಸ್ಥೆ ಈಗ ಕಷ್ಟದ್ದೇನಲ್ಲ. ಕರೆಂಟು ಎಷ್ಟು ಹೊತ್ತು ಹೋಯ್ತು ಅನ್ನೋದೂ ಅದರಲ್ಲೇ ಬರುತ್ತೆ. ನೀವು ಹೇಳ್ತಿರೋದು ಅಳತೆ ಕಡಿಮೆಯಾಯ್ತು ಅಂತ. ಜಾಸ್ತಿಯಾಯ್ತು ಅಂತಲ್ಲ.

ಅತ್ತೆ: ಇಡು. ಆದ್ರೆ ಅದರ ಖರ್ಚು ಯಾರು ಹಾಕಬೇಕು, ಅಂಕಿ ಯಾರ ಫೋನಿಗೆ ಹೋಗಬೇಕು, ಅದನ್ನ ಮೊದಲು ಹೇಳು. ಅಂಕಿ ಮೇಲಕ್ಕೆ ಮಾತ್ರ ಹೋಗಿ ಕೆಳಗೆ ದಂಡ ಮಾತ್ರ ಬಂದರೆ ನನಗೆ ಬೇಡ.

ಅಳಿಯ: ದಂಡ ಅನ್ನೋದು ಇದೆ, ನಿಜ. ವಾಲ್‌ಮಾರ್ಟ್ 2017ರಲ್ಲಿ ಓಟಿಫ್ ನಿಯಮ ತಂದಾಗ, ಹೊತ್ತಿಗೆ ಸರಿಯಾಗಿ ಪೂರ್ತಿ ಸರಕು ಕಳಿಸದ ಸರಬರಾಜುದಾರರಿಂದ ಆ ಸರಕಿನ ಬೆಲೆಯ 3% ಹಿಡ್ಕೊಳ್ಳೋಕೆ ಶುರು ಮಾಡ್ತು. ತಡವಾದ್ರೂ ತಪ್ಪು, ಬೇಗ ಬಂದ್ರೂ ತಪ್ಪು, ಬೇಗ ಬಂದ ಸರಕಿಗೆ ಜಾಗ ಬೇಕಲ್ಲ. ಕ್ರೂರ ಅನ್ನಿಸಬಹುದು. ಆದ್ರೆ ಅಂಗಡಿಗೆ ಬಂದ ತಾಯಿಗೆ ಮಗುವಿನ ಹಾಲುಪುಡಿ ಸಿಗದಿದ್ರೆ ಅದನ್ನ ಯಾರು ಕೇಳಬೇಕು? ದಂಡ ಬಂದ ಮೇಲೇ ಎಷ್ಟೋ ಕಂಪನಿಗಳು ತಮ್ಮ ಲಾರಿ ಯಾವಾಗ ಹೊರಡುತ್ತೆ ಅಂತ ಸರಿಯಾಗಿ ನೋಡಿಕೊಳ್ಳೋಕೆ ಶುರು ಮಾಡಿದ್ದು.

ಅತ್ತೆ: ಲಾರಿ ಇಟ್ಟವನು ಇನ್ನೊಂದು ಲಾರಿ ತರ್ತಾನೆ. ಹಸು ಏನು ಮಾಡುತ್ತೆ? 2022ರಲ್ಲಿ ಚರ್ಮಗಂಟು ರೋಗ ಬಂತಲ್ಲ. ದಿನಾ ಹತ್ತು ಲೀಟರ್ ಕೊಡ್ತಿದ್ದ ಹಸು ಮೈತುಂಬ ಗಂಟೆದ್ದು ಮೇವು ಬಿಡ್ತು. ಆ ಹೆಂಗಸಿನ ಖಾತೆಯಲ್ಲಿ ನಿನ್ನ ಪ್ರಕಾರ ಪೂರ್ತಿ ಬಂದಿಲ್ಲ ಅಂತ ಕೆಂಪು ಗುರುತು.

ಅಳಿಯ: ಡೈರಿಯಿಂದ ಅವಳಿಗೆ ದಂಡ ಬೀಳಲಿಲ್ಲ, ಅಲ್ವಾ?

ಅತ್ತೆ: ಬೀಳಲಿಲ್ಲ. ಯಾಕಂದ್ರೆ ಅವಳು ಸದಸ್ಯೆ. ನಿಮ್ಮಲ್ಲಿ ಅವಳು ಸರಬರಾಜುದಾರಳು.

ಈ ಮಾತಿನ ಬಳಿ ನಾನೂ ಸ್ವಲ್ಪ ನಿಲ್ಲಬೇಕು. ಗುಜರಾತಿನ ಖೇಡಾದ ರೈತರು 1946ರಲ್ಲಿ ಹಾಲು ನಿಲ್ಲಿಸಿ ತಮ್ಮದೇ ಸಂಘ ಕಟ್ಟಿದ್ದರಿಂದ ಹಿಡಿದು, 1974ರಲ್ಲಿ ಶುರುವಾದ ನಮ್ಮ ರಾಜ್ಯದ ಹೈನು ಅಭಿವೃದ್ಧಿ ನಿಗಮ 1984ರಲ್ಲಿ ಕೆಎಂಎಫ್ ಆಗಿ ನಿಂತದ್ದರವರೆಗೆ, ಈ ಸಹಕಾರದ ಕಥೆಯನ್ನು ನಾವು ಬೆಲೆಯ ಕಥೆಯಾಗಿ ಓದಿದ್ದೇವೆ. ಅದು ಅಷ್ಟೇ ಮಟ್ಟಿಗೆ ಅಳತೆಯ ಕಥೆಯೂ ಹೌದು. ಹಾಲು ಕೊಡುವವರ ಸಂಘದ ಕೈಯಲ್ಲೇ ಲ್ಯಾಕ್ಟೋಮೀಟರೂ ಇತ್ತು. ಈಗಿನ ಡಿಜಿಟಲ್ ವ್ಯಾಪಾರದಲ್ಲಿ ಅಳೆಯುವ ಕೈ ಪೂರ್ತಿಯಾಗಿ ಕೊಳ್ಳುವವರ ಕಡೆಗೆ ಹೋಗಿದೆ. ಇದನ್ನು ಹೇಳಿದ ಮೇಲೂ ಅಳಿಯನ ಮುಂದಿನ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ.

ಅಳಿಯ: ಬಂದ ಹಾಲನ್ನೆಲ್ಲ ತಗೋತೀವಿ ಅನ್ನೋದು ಡೈರಿಯ ಹೆಮ್ಮೆ. ಅದರ ಬೆಲೆಯನ್ನೂ ನೋಡೋಣ. 2024ರ ಜೂನಲ್ಲಿ ಕೆಎಂಎಫ್‌ಗೆ ದಿನಕ್ಕೆ ಒಂದು ಕೋಟಿ ಲೀಟರ್ ದಾಟಿ ಹಾಲು ಬಂತು. ಅಷ್ಟು ಹಾಲನ್ನ ಏನು ಮಾಡೋದು? ಪ್ಯಾಕೆಟ್ಟಿಗೆ 50 ಎಂಎಲ್ ಸೇರಿಸಿ, 550 ಎಂಎಲ್ ಮಾಡಿ, ಎರಡು ರೂಪಾಯಿ ಜಾಸ್ತಿ ಮಾಡಿದ್ರು. ಬೇಕೋ ಬೇಡವೋ, ಎಲ್ಲರೂ ಆ 50 ಎಂಎಲ್ ಕೊಳ್ಳಬೇಕಾಯ್ತು. 2025ರ ಏಪ್ರಿಲಲ್ಲಿ ಲೀಟರಿಗೆ ನಾಲ್ಕು ರೂಪಾಯಿ ಏರಿಸಿ ಪ್ಯಾಕೆಟ್ಟನ್ನ ಮತ್ತೆ 500ಕ್ಕೆ ತಂದರು. ಗಿರಾಕಿಗೆ ಏನು ಬೇಕು ಅಂತ ಕೇಳಿ ಹಿಂದಕ್ಕೆ ಲೆಕ್ಕ ಹಾಕೋ ಸರಪಳಿ ಇದಲ್ಲ. ಹಿಂದೆ ಏನು ಹುಟ್ಟಿತೋ ಅದನ್ನ ಮುಂದಕ್ಕೆ ತಳ್ಳೋ ಸರಪಳಿ. ಉಳಿದ ಹಾಲು ಪುಡಿಯಾಗುತ್ತೆ, ಪುಡಿಯ ಬೆಲೆ ಬಿದ್ದರೆ ಒಕ್ಕೂಟಕ್ಕೆ ನಷ್ಟ, ನಷ್ಟವಾದ್ರೆ ರೈತರ ಖರೀದಿ ದರಕ್ಕೇ ಕತ್ತರಿ. ಎಲ್ಲ ಹಾಲನ್ನೂ ತಗೋತೀವಿ ಅನ್ನೋ ಮಾತಿನ ಬಿಲ್ಲನ್ನ ಕೊನೆಗೆ ಅದೇ ಹೆಂಗಸು ಕಟ್ತಾಳೆ.

ಅತ್ತೆ: ಕಟ್ತಾಳೆ. ಸುಳ್ಳಲ್ಲ. ದರ ಇಳಿಸಿದ ದಿನ ಡೈರಿ ಬಾಗಿಲಲ್ಲಿ ಬೈಸಿಕೊಂಡೋಳು ನಾನೇ. ಆದ್ರೂ ದರ ಇಳಿಯೋದು ಬೇರೆ, ಹಾಲು ವಾಪಸ್ ಕಳಿಸೋದು ಬೇರೆ. ಭಾನುವಾರ ಬೇಡ ಅಂದ್ರೆ ಹಸು ಕೇಳುತ್ತಾ? ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬರುತ್ತೆ. 2020ರ ಲಾಕ್‌ಡೌನಲ್ಲಿ ಹೋಟೆಲು ಮುಚ್ಚಿ ಹಾಲು ಉಳಿದಾಗ ಸರ್ಕಾರ ಕೊಂಡು ನಗರದ ಬಡವರಿಗೆ ಹಂಚ್ತು. 2013ರಲ್ಲಿ ಕ್ಷೀರಭಾಗ್ಯ ಶುರುವಾಗಿ ಶಾಲೆ ಮಕ್ಕಳಿಗೆ 150 ಎಂಎಲ್ ಹಾಲು ಸಿಕ್ಕಿದ್ದು, ಉಳಿದ ಹಾಲು ಪುಡಿಯಾಗಿ ಇತ್ತು ಅಂತಲೂ ಹೌದು. ನಿನ್ನ ಪಟ್ಟಿಯಲ್ಲಿ ಅದು ಜಾಸ್ತಿ ದಾಸ್ತಾನು. ಶಾಲೆಯಲ್ಲಿ ಅದು ಒಂದು ಲೋಟ ಹಾಲು.

ಅಳಿಯ: ದಾಸ್ತಾನು ಎಲ್ಲ ಕೆಟ್ಟದ್ದು ಅಂತ ಈಗ ಯಾರೂ ಹೇಳಲ್ಲ ಅತ್ತೆ. ನಮಗೂ ಏಟು ಬಿದ್ದು ಬುದ್ಧಿ ಬಂದಿದೆ. 2000ದ ಮಾರ್ಚಲ್ಲಿ ಅಮೆರಿಕದ ಆಲ್ಬುಕರ್ಕಿಯ ಫಿಲಿಪ್ಸ್ ಚಿಪ್ ಕಾರ್ಖಾನೆಗೆ ಸಿಡಿಲಿಂದ ಬೆಂಕಿ ಬಿತ್ತು. ಹತ್ತು ನಿಮಿಷದಲ್ಲಿ ಆರಿಸಿದ್ರು. ಚಿಪ್ ತಗೋತಿದ್ದ ನೋಕಿಯಾ ಕೂಡಲೇ ಎಚ್ಚೆತ್ತು ಬೇರೆ ಕಡೆ ವ್ಯವಸ್ಥೆ ಮಾಡಿಕೊಳ್ತು. ಎರಿಕ್ಸನ್ ಎಚ್ಚೆತ್ತುಕೊಳ್ಳೋ ಹೊತ್ತಿಗೆ ತಡವಾಗಿತ್ತು. ಸುಮಾರು 40 ಕೋಟಿ ಡಾಲರ್ ನಷ್ಟ. ಮಾರನೇ ವರ್ಷ ಫೋನಿನ ವ್ಯವಹಾರವನ್ನ ಸೋನಿ ಜೊತೆ ಸೇರಿಸಬೇಕಾಯ್ತು. ಬೆಂಕಿಯ ಹಿಂದಿನ ದಿನದವರೆಗೂ ಒಬ್ಬನೇ ಸರಬರಾಜುದಾರ, ಕಡಿಮೆ ಖರ್ಚು ಅನ್ನೋದು ಒಳ್ಳೇ ಅಂಕಿಯೇ ಆಗಿತ್ತು.

ಅತ್ತೆ: ನಮ್ಮ ಬಿಎಂಸಿಯ ಜನರೇಟರಿನ ಕಥೆಯೂ ಅದೇ. ಆಡಿಟ್‌ಗೆ ಬಂದವರು ವರ್ಷದಲ್ಲಿ ಎಷ್ಟು ಗಂಟೆ ಓಡ್ತು, ಇಷ್ಟು ಖರ್ಚು ಯಾಕೆ ಅಂತ ಕೇಳೋರು. ಓಡದೆ ನಿಂತಿರೋದೇ ಅದರ ಕೆಲಸ ಅಂತ ಹೇಳಿದ್ರೆ ಬರ್ಕೊಳ್ಳೋಕೆ ಅವರ ಹತ್ರ ಕಾಲಮ್ಮೇ ಇರ್ತಿರಲಿಲ್ಲ.

ಅಳಿಯ: ಈಗ ಕಾಲಮ್ ಮಾಡಬಹುದು. ಡಿಜಿಟಲ್‌ನ ದೊಡ್ಡ ಉಪಕಾರ ಅದೇ. ಇನ್ನೊಂದು ಹೇಳ್ತೀನಿ. ಎಂಐಟಿಯ ಜೇ ಫಾರೆಸ್ಟರ್ 1961ರಲ್ಲೇ ಒಂದು ವಿಚಾರ ತೋರಿಸಿಕೊಟ್ಟಿದ್ರು. ಕೊನೇ ಗಿರಾಕಿಯ ಬೇಡಿಕೆಯಲ್ಲಿ ಚೂರು ಏರುಪೇರಾದ್ರೆ ಅಂಗಡಿಯವನು ಸ್ವಲ್ಪ ಜಾಸ್ತಿ ಹೆದರ್ತಾನೆ, ಡಿಪೋದವನು ಇನ್ನೂ ಜಾಸ್ತಿ, ಕಾರ್ಖಾನೆಯವನು ಅದಕ್ಕೂ ಜಾಸ್ತಿ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್‌ನವರು ಮಕ್ಕಳ ಡೈಪರ್ ಮಾರಾಟದಲ್ಲಿ ಇದನ್ನ ಕಂಡರು. ಮಕ್ಕಳು ಡೈಪರ್ ಬಳಸೋದು ದಿನಾ ಒಂದೇ ಸಮ. ಆದ್ರೆ ಹಿಂದಕ್ಕೆ ಹೋದಷ್ಟೂ ಆರ್ಡರು ಬೆಟ್ಟ ಹತ್ತಿ ಕಣಿವೆಗಿಳಿಯುತ್ತೆ. ಇದಕ್ಕೆ ಮದ್ದು ಒಂದೇ. ನಿಜವಾಗಿ ಇವತ್ತು ಎಷ್ಟು ಮಾರಾಟವಾಯ್ತು ಅನ್ನೋ ಅಂಕಿ ಹಿಂದಿನವರಿಗೆಲ್ಲ ಆಗಿಂದಾಗ ಸಿಗಬೇಕು.

ಅತ್ತೆ: ಹಬ್ಬದ ಹಿಂದಿನ ದಿನದ ಇಂಡೆಂಟಿನ ಹಾಗೆ. ಬೂತಿನ ಏಜೆಂಟ್ ಖಾಲಿಯಾಗಿಬಿಟ್ಟೀತು ಅಂತ ಒಂದಕ್ಕೆ ಎರಡು ಬರೀತಾನೆ. ಮಾರನೇ ದಿನ ಮೊಸರು ಉಳಿಯುತ್ತೆ. ಸರಿ, ಈಗ ಹೇಳು. ಇವತ್ತು ಎಷ್ಟು ಮಾರಿದ್ರಿ ಅನ್ನೋದನ್ನ ನಿಮ್ಮ ಕಂಪನಿ ಹಿಂದಿನವರಿಗೆ ಹೇಳುತ್ತಾ?

ಅಳಿಯ: ಎಲ್ಲರಿಗೂ ಇಲ್ಲ. ದೊಡ್ಡ ಬ್ರ್ಯಾಂಡುಗಳಿಗೆ ದುಡ್ಡಿಗೆ ಕೊಡ್ತೀವಿ.

ಅತ್ತೆ: ಮದ್ದು ಗೊತ್ತಿದೆ. ಮಾರಾಟಕ್ಕಿಟ್ಟಿದ್ದೀರಿ.

ಅಳಿಯ: ಆ ಅಂಕಿ ಸುಮ್ಮನೆ ಹುಟ್ಟಲ್ಲ ಅತ್ತೆ. ಅದರ ಹಿಂದೆ ಇಂಜಿನಿಯರುಗಳು, ಕಂಪ್ಯೂಟರುಗಳು, ಕೋಟಿಗಟ್ಟಲೆ ಖರ್ಚಿದೆ. ಸ್ಪರ್ಧೆಯವನ ಕೈಗೆ ಸಿಕ್ಕರೆ ಏನು ಗತಿ ಅನ್ನೋ ಭಯವೂ ಇದೆ. ಆದ್ರೂ ನೀವು ಹೇಳೋದ್ರಲ್ಲಿ ಸತ್ಯ ಇದೆ. ಚಿಕ್ಕ ಸರಬರಾಜುದಾರನಿಗೆ ಕನಿಷ್ಠ ಅವನದೇ ಸರಕಿನ ಅಂಕಿಯನ್ನಾದ್ರೂ ಪುಕ್ಕಟೆ ತೋರಿಸಬೇಕು ಅಂತ ನನಗೂ ಅನ್ನಿಸಿದೆ.

ಅತ್ತೆ: ಮನೆಗೆ ತಂದುಕೊಡೋ ಹುಡುಗರಿಗೆ? ಅವರ ಅಂಕಿ ಅವರಿಗೆ ಕಾಣುತ್ತಾ?

ಅಳಿಯ: ರೇಟಿಂಗ್ ಕಾಣುತ್ತೆ. ಹೇಗೆ ಬಂತು ಅನ್ನೋದು ಪೂರ್ತಿ ಕಾಣಲ್ಲ. 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂತಲ್ಲ, ಕೆಲಸ ಹಂಚೋ, ಅಂಕ ಕೊಡೋ ಗಣಕ ವ್ಯವಸ್ಥೆ ತಮ್ಮ ದುಡಿಮೆ ಮೇಲೆ ಏನು ಪರಿಣಾಮ ಮಾಡುತ್ತೆ ಅಂತ ಕಾರ್ಮಿಕರಿಗೆ ತಿಳಿಸಬೇಕು ಅಂತ ಅದರಲ್ಲಿದೆ. ಅದು ಸರಿಯಾಗಿ ಜಾರಿಯಾದ್ರೆ ನನ್ನ ವಿಭಾಗಕ್ಕೂ ಒಳ್ಳೇದೇ. ಯಾಕಂದ್ರೆ ಈಗ ಬರೋ ಅಂಕಿಯಲ್ಲಿ ಕಲಬೆರಕೆ ಇದೆ. ಹೊತ್ತಿನ ಒತ್ತಡಕ್ಕೆ ಅಪಾರ್ಟ್‌ಮೆಂಟಿನ ಗೇಟಲ್ಲೇ ‘ತಲುಪಿಸಿದೆ’ ಅಂತ ಒತ್ತಿ, ಆಮೇಲೆ ಲಿಫ್ಟ್ ಹತ್ತೋರು ಇದ್ದಾರೆ. ಪರದೆ ಮೇಲೆ ನಾವು ಸಾಧಿಸಿದ ನಿಮಿಷಗಳು ಬಾಗಿಲು ತಟ್ಟಿದ ನಿಮಿಷಗಳಲ್ಲ. ಅಳತೆಯನ್ನೇ ಗುರಿ ಮಾಡಿದ್ರೆ ಅಳತೆ ಕೆಡುತ್ತೆ ಅನ್ನೋ ಅರ್ಥದ ಮಾತನ್ನ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲೇ ಹೇಳಿದ್ರು.

ಅತ್ತೆ: ಅಂದ್ರೆ ಆ ಹುಡುಗನನ್ನ ನಂಬಿದ್ರೇನೆ ನಿನ್ನ ಅಂಕಿ ಶುದ್ಧವಾಗೋದು.

ಅಳಿಯ: ನಂಬೋದೂ ಬೇಕು, ಪರೀಕ್ಷಿಸೋದೂ ಬೇಕು. ನಿಮ್ಮ ಡೈರಿಯಲ್ಲೂ ಎಲ್ಲರನ್ನೂ ನಂಬಿ ಮಷೀನು ಎತ್ತಿಡಲಿಲ್ಲವಲ್ಲ.

ಅತ್ತೆ: ಎತ್ತಿಡಲಿಲ್ಲ. ಆದ್ರೆ ಅನುಮಾನ ಬಂದವಳು ಇನ್ನೊಂದು ಸಲ ಹಾಕಿ ಅಂತ ಅಲ್ಲೇ ಕೇಳಬಹುದಿತ್ತು. ಎರಡನೇ ಸಲ ಹಾಕಿ ತೋರಿಸ್ತಿದ್ದೆವು. ನಿಮ್ಮ ಹುಡುಗ ಯಾರನ್ನ ಕೇಳಬೇಕು? ಹೋಗಲಿ, ಆಗ ನೀನೇ ಅಂದೆಯಲ್ಲ, ಬೇರೆ ಅಂಕಿ ಇಡಿ ಅಂತ. ನಾನೊಂದು ಹೇಳಲಾ? ಸರಕು ಬಂದ ದಿನದಿಂದ ದುಡ್ಡು ಕೊಟ್ಟ ದಿನದವರೆಗೆ ಎಷ್ಟು ದಿನ ಅಂತ ಒಂದು ಸಾಲು. ಎಲ್ಲರಿಗೂ ಕಾಣೋ ಹಾಗೆ.

ಅಳಿಯ ಇದಕ್ಕೆ ಕೂಡಲೇ ಉತ್ತರಿಸಲಿಲ್ಲ. ಕಾರಣ ಬಲ್ಲವರಿಗೆ ಗೊತ್ತು. ಸರಪಳಿಯ ಸಾಧನೆ ಅಳೆಯುವವರು ತುಂಬ ಗೌರವಿಸುವ ಒಂದು ಅಂಕಿಯಿದೆ, ಹಣ ಹೊರಗೆ ಹೋಗಿ ಮತ್ತೆ ಕೈಗೆ ಬರಲು ಹಿಡಿಯುವ ದಿನಗಳು. ಸರಕು ಕೂತಿರುವ ದಿನಗಳಿಗೆ ಗಿರಾಕಿಯಿಂದ ಹಣ ಬರಬೇಕಾದ ದಿನಗಳನ್ನು ಕೂಡಿಸಿ, ಸರಬರಾಜುದಾರನಿಗೆ ಕೊಡದೆ ಇಟ್ಟುಕೊಂಡ ದಿನಗಳನ್ನು ಕಳೆಯಬೇಕು. ಅಂದರೆ ಕೊಡಬೇಕಾದವನಿಗೆ ತಡಮಾಡಿದಷ್ಟೂ ಅಂಕಿ ಸುಧಾರಿಸುತ್ತದೆ. ಇದು ಒಂದು ಕಂಪನಿಯ ಕುತಂತ್ರವಲ್ಲ, ಲೆಕ್ಕಶಾಸ್ತ್ರದ ಪುಸ್ತಕದಲ್ಲಿರುವ ಸೂತ್ರ. ಅತ್ತೆ ಸೂತ್ರ ಓದಿದವರಲ್ಲ, ಬಟವಾಡೆಯ ದಿನ ಕಿಟಕಿಯ ಈಚೆ ಕೂತವರು.

ಅಳಿಯ: ನೀವು ಕೇಳ್ತಿರೋದನ್ನ ನಮ್ಮಲ್ಲಿ ಅಳೀತಾರೆ. ಉಲ್ಟಾ ಕಡೆಯಿಂದ. ದಿನ ಜಾಸ್ತಿಯಾದ್ರೆ ನಮಗೆ ಒಳ್ಳೇ ಅಂಕಿ.

ಅತ್ತೆ: ನಮ್ಮ ಹೆಂಗಸರಿಗೆ ಅದೇ ದಿನಗಳಲ್ಲಿ ಬೂಸಾ ಅಂಗಡಿಯಲ್ಲಿ ಸಾಲ.

ಅಳಿಯ: ಚಿಕ್ಕ ಉದ್ದಿಮೆಗಳಿಗೆ 45 ದಿನದೊಳಗೆ ಕೊಡಬೇಕು ಅಂತ 2006ರ ಕಾನೂನಿದೆ. 2024ರ ಏಪ್ರಿಲ್‌ನಿಂದ ತೆರಿಗೆ ನಿಯಮವೂ ಬಿಗಿಯಾಗಿದೆ. ಹೊತ್ತಿಗೆ ಕೊಡದ ಬಾಕಿಯನ್ನ ಆ ವರ್ಷದ ಖರ್ಚು ಅಂತ ತೋರಿಸೋ ಹಾಗಿಲ್ಲ. ನಮ್ಮ ಕಡೆಯ ಕಷ್ಟವನ್ನೂ ಕೇಳಿ. ದಿನಸಿ ವ್ಯಾಪಾರದಲ್ಲಿ ಉಳಿಯೋದು ತುಂಬಾ ಕಡಿಮೆ. ಎಲ್ಲರಿಗೂ ಬಂದ ದಿನವೇ ದುಡ್ಡು ಕೊಡಬೇಕು ಅಂದ್ರೆ ಆ ಬಂಡವಾಳದ ಬಡ್ಡಿ ಯಾವುದಾದ್ರೂ ಬೆಲೆಯೊಳಗೆ ಸೇರಲೇಬೇಕು. ಆಗ ಪ್ಯಾಕೆಟ್ ಹಾಲಿಗೆ ಜಾಸ್ತಿ ಕೊಡೋಳು ಬೆಂಗಳೂರಿನ ಇನ್ನೊಬ್ಬ ಬಡವಿ.

ಅತ್ತೆ: ಈಗ ಆ ಬಡ್ಡೀನ ಹಳ್ಳಿಯ ಬಡವಿ ಕಟ್ತಿದ್ದಾಳೆ. ಯಾರು ಕಟ್ಟಬೇಕು ಅಂತ ಕೂತು ಮಾತಾಡೋಣ. ಮಾತಾಡೋಕೆ ಮೊದಲು ಅಂಕಿ ಮೇಜಿನ ಮೇಲೆ ಬರಲಿ. ಇನ್ನೊಂದು ಸಾಲೂ ಬೇಕು. ಎಷ್ಟು ಸರಕನ್ನ ತಿರಸ್ಕರಿಸಿದ್ರಿ, ಯಾವ ಕಾರಣಕ್ಕೆ, ಆ ಕಾರಣ ಅವರಿಗೆ ತಿಳಿಸಿದ್ರಾ ಅಂತ.

ಅಳಿಯ: ಈಗಲೇ ನಮ್ಮ ಪರದೆಯಲ್ಲಿ ಸಾಲುಗಳು ತುಂಬಿ ಹೋಗಿವೆ. ಎಲ್ಲವನ್ನೂ ಅಳೆಯೋಕೆ ಹೊರಟರೆ ಯಾವುದನ್ನೂ ನೋಡದ ಹಾಗಾಗುತ್ತೆ. ನಾಲ್ಕೈದು ಅಂಕಿಗಿಂತ ಜಾಸ್ತಿ ಯಾವ ಮ್ಯಾನೇಜರ್ ತಲೆಯಲ್ಲೂ ನಿಲ್ಲಲ್ಲ. ನಿಮ್ಮ ಎರಡು ಸೇರಬೇಕು ಅಂದ್ರೆ ಯಾವ ಎರಡನ್ನ ತೆಗೀಲಿ?

ಅತ್ತೆ: ಹತ್ತು ನಿಮಿಷದ ಬದಲು ಹನ್ನೆರಡಾದ್ರೆ ಯಾರಿಗೂ ಏನೂ ಆಗಲ್ಲ. ಅದನ್ನ ತೆಗಿ.

ಅಳಿಯ: ನಮ್ಮ ವ್ಯಾಪಾರ ನಿಂತಿರೋದೇ ಅದರ ಮೇಲೆ.

ಅತ್ತೆ: ಹಾಗಾದ್ರೆ ಅದನ್ನ ವ್ಯಾಪಾರದ ಅಂಕಿ ಅನ್ನು. ಸರಪಳಿಯ ಸಾಧನೆ ಅನ್ನಬೇಡ. ಸರಪಳಿಯಲ್ಲಿ ನಾವೂ ಇದ್ದೀವಿ.

ಅಳಿಯ: ಆಯ್ತು, ಆ ಎರಡು ಸಾಲು ಹಾಕಿದೆ ಅಂತಿಟ್ಟುಕೊಳ್ಳಿ. ಅದನ್ನ ನೋಡಿ ಪ್ರಶ್ನೆ ಕೇಳೋರು ಯಾರು? ನಿಮ್ಮ ಡೈರಿಗೆ ವಾರ್ಷಿಕ ಮಹಾಸಭೆ ಇದೆ, ಸದಸ್ಯರು ಒಂದೇ ಊರಿನವರು. ನಮ್ಮ ಸರಬರಾಜುದಾರರು ಹತ್ತು ರಾಜ್ಯದಲ್ಲಿದ್ದಾರೆ. ಒಬ್ಬರ ಮುಖ ಇನ್ನೊಬ್ಬರು ನೋಡಿಲ್ಲ. ಇನ್ನೊಂದು ಮಾತು, ತಪ್ಪು ತಿಳೀಬೇಡಿ. ನಿಮ್ಮ ಮಹಾಸಭೆಯಲ್ಲೂ ಹಿಂದಿನ ಸಾಲಲ್ಲಿ ಕೂತ ಹೆಂಗಸರು ಎದ್ದು ನಿಂತು ಲೆಕ್ಕ ಕೇಳಿದ್ದನ್ನ ನಾನು ಹೆಚ್ಚು ನೋಡಿಲ್ಲ.

ಅತ್ತೆ: ಹೆಚ್ಚು ಜನ ಕೇಳ್ತಿರಲಿಲ್ಲ, ನಿಜ. ಕೇಳಿದವಳು ಒಬ್ಬಳಿದ್ರೂ ಆ ವರ್ಷದ ಲೆಕ್ಕ ನೆಟ್ಟಗಿರ್ತಿತ್ತು. ಅವಳು ಕೇಳ್ತಾಳೆ ಅಂತಲೇ ನಾನು ರಾತ್ರಿ ಕೂತು ಎರಡೆರಡು ಸಲ ಕೂಡ್ತಿದ್ದೆ.

ಅಳಿಯ: ಹತ್ತು ರಾಜ್ಯದಲ್ಲಿ ಆ ಒಬ್ಬಳನ್ನ ಎಲ್ಲಿಂದ ತರಲಿ ಅತ್ತೆ? ಮಹಾಸಭೆ ಇಲ್ಲದ ಕಡೆ ಅಂಕಿಯೇ ಅವಳ ಕೆಲಸ ಮಾಡಬೇಕು. ಅದಕ್ಕೇ ನಾನು ಅಂಕಿ ಜಾಸ್ತಿಯಾಗಲಿ ಅನ್ನೋದು.

ಅತ್ತೆ: ಅಂಕಿ ಎದ್ದು ನಿಂತು ಕೇಳಲ್ಲ ಕಣಪ್ಪ. ನಿಮ್ಮ ಸರಬರಾಜುದಾರರ ಹೆಸರು, ಫೋನ್ ನಂಬರು ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗೋ ಹಾಗೆ ಮಾಡೋಕಾಗುತ್ತಾ? ಅಷ್ಟು ಮಾಡು, ಮಿಕ್ಕಿದ್ದನ್ನ ಅವರೇ ನೋಡ್ಕೋತಾರೆ.

ಅಳಿಯ: ಅದಕ್ಕೆ ಕಂಪನಿ ಒಪ್ಪಲ್ಲ. ಎಲ್ಲರೂ ಸೇರಿ ರೇಟು ಕೇಳಿಬಿಟ್ಟರೆ ಅನ್ನೋ ಭಯ. ಅವರವರ ಬಾಕಿ ದಿನಗಳನ್ನ ಅವರವರ ಫೋನಿಗೆ ಕಳಿಸೋಕೆ ಬೇಕಾದ್ರೆ ಒಪ್ಪಿಸಬಹುದು. ಇಡೀ ಪಟ್ಟಿಯ ಸರಾಸರಿಯನ್ನೂ ಪಕ್ಕದಲ್ಲೇ ತೋರಿಸೋಣ. ತನಗೆ ಮಾತ್ರ ತಡವಾಗ್ತಿದೆಯೋ ಎಲ್ಲರಿಗೂ ತಡವಾಗ್ತಿದೆಯೋ ಅನ್ನೋದಾದ್ರೂ ಗೊತ್ತಾಗುತ್ತೆ.

ಅತ್ತೆ: ಸರಾಸರಿ ಬೇಡ. ಎಲ್ಲರಿಗಿಂತ ತಡವಾಗಿ ಸಿಕ್ಕವರಿಗೆ ಎಷ್ಟು ದಿನವಾಯ್ತು ಅನ್ನೋದನ್ನ ತೋರಿಸು.

ಅಳಿಯ: ಅದಕ್ಕೆ ಅವರು ಒಪ್ಪೋದು ಕಷ್ಟ.

ಅತ್ತೆ: ಕೇಳಿ ನೋಡು.